ಮುನ್ನೂರ ಐವತ್ತನೆಯ ಪುಡಿ: ಪಾಲ್ ಮುಲ್ಲರ್ ಅವರ ಜೀವನ

ಬೋಧನಾಭ್ಯಾಸದ ಎರಡನೇ ಹಂತದಲ್ಲಿ ಎಂಟನೇ ತರಗತಿಗೆ ನಾನು ತೆಗೆದುಕೊಂಡ ಘಟಕ ಬೆಳೆ ಸಂರಕ್ಷಣೆ. ಪೀಡೆನಾಶಕಗಳ ಹೆಸರು, ಬಳಸುವಾಗಿನ ಎಚ್ಚರಿಕೆ, ದುಷ್ಪರಿಣಾಮ ಎಂದು ಕಪ್ಪುಹಲಗೆಯಲ್ಲಿ ಮೂರು ಕಲಂ ಎಳೆದರೆ ನಲವತ್ತು ನಿಮಿಷ ತಾನಾಗಿ ಮುಗಿಯುತ್ತದೆ. ಆ ಪಟ್ಟಿಯಲ್ಲಿ ಡಿಡಿಟಿ ಯಾವಾಗಲೂ ಮೂರನೇ ಕಲಂನಲ್ಲೇ ಬರುತ್ತದೆ. ಅದನ್ನು ಕಂಡುಹಿಡಿದವರಿಗೆ ವೈದ್ಯಕೀಯ ನೊಬೆಲ್ ಬಂದಿದೆ ಎಂದು ಹೇಳಿದರೆ ಮಕ್ಕಳು ನಂಬುವುದಿಲ್ಲ. ಆದ್ದರಿಂದ ಒಂದು ಇಡೀ ಅವಧಿಯನ್ನು ಆ ವಿಜ್ಞಾನಿಯ ಜೀವನಕ್ಕೇ ಮೀಸಲಿಟ್ಟೆ. ಹಾಗೆ ಹೇಳಿದ್ದನ್ನು ಸ್ವಲ್ಪ ವಿಸ್ತರಿಸಿ ಇಲ್ಲಿ ಬರೆದಿದ್ದೇನೆ.

ಪಾಲ್ ಹರ್ಮನ್ ಮುಲ್ಲರ್ ಹುಟ್ಟಿದ್ದು 1899ರ ಜನವರಿ 12ರಂದು, ಸ್ವಿಟ್ಜರ್‌ಲೆಂಡಿನ ಓಲ್ಟನ್‌ನಲ್ಲಿ. ತಂದೆ ರೈಲ್ವೆ ನೌಕರ. ಕುಟುಂಬ ಮುಂದೆ ಬಾಸೆಲ್ ನಗರಕ್ಕೆ ಬಂದು ನೆಲೆಸಿತು. ನಮ್ಮ ತರಗತಿಯ ಹಿಂದಿನ ಬೆಂಚಿನವರಿಗೆ ಇಷ್ಟವಾದ ಭಾಗ ಮುಂದಿನದು. 1916ರಲ್ಲಿ ಈ ಹುಡುಗ ಶಾಲೆ ಬಿಟ್ಟು ರಾಸಾಯನಿಕ ಕಂಪನಿಯೊಂದರ ಪ್ರಯೋಗಾಲಯದಲ್ಲಿ ಸಹಾಯಕನಾಗಿ ಸೇರಿದ. ಎರಡು ವರ್ಷ ಸೀಸೆ, ಬೀಕರುಗಳ ನಡುವೆ ಕೈ ಪಳಗಿದ ಮೇಲೆ ಓದು ಬೇಕೆನ್ನಿಸಿ ಮತ್ತೆ ಶಾಲೆಗೆ ಹೋದ, ಬಾಸೆಲ್ ವಿಶ್ವವಿದ್ಯಾಲಯ ಸೇರಿದ, 1925ರಲ್ಲಿ ರಸಾಯನಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದ. ಅದೇ ವರ್ಷ ಬಾಸೆಲ್‌ನ ಗೈಗಿ ಕಂಪನಿ ಸೇರಿದವರು ನಿವೃತ್ತಿಯವರೆಗೂ ಅಲ್ಲೇ ಇದ್ದರು.

ಮೊದಲ ಹತ್ತು ವರ್ಷ ಬಣ್ಣಗಳು, ಚರ್ಮ ಹದಮಾಡುವ ದ್ರಾವಣಗಳು, ಬೀಜೋಪಚಾರದ ಪುಡಿ ಹೀಗೆ ಕೆಲಸ ಸಾಗಿತು. 1935ರಲ್ಲಿ ಕೀಟನಾಶಕದ ಕಡೆ ತಿರುಗಿದರು. ಆಗ ರೈತರ ಕೈಯಲ್ಲಿದ್ದ ಔಷಧಿಗಳು ಯಾವುವು ಎಂಬುದನ್ನು ಮಕ್ಕಳಿಗೆ ಹೇಳದಿದ್ದರೆ ಮುಂದಿನ ಕಥೆ ಅರ್ಥವಾಗುವುದಿಲ್ಲ. ಆರ್ಸೆನಿಕ್ ಸಂಯುಕ್ತಗಳು ಹುಳುವಿನಷ್ಟೇ ಸುಲಭವಾಗಿ ಮನುಷ್ಯನನ್ನೂ ಕೊಲ್ಲುತ್ತಿದ್ದವು. ತಂಬಾಕಿನ ನಿಕೋಟಿನ್ ಕೂಡ ವಿಷವೇ. ಸೇವಂತಿಗೆಯ ಜಾತಿಯ ಹೂವಿನಿಂದ ತೆಗೆಯುವ ಪೈರೆಥ್ರಮ್ ಮನುಷ್ಯರಿಗೆ ಅಷ್ಟು ಅಪಾಯಕಾರಿಯಲ್ಲ, ಆದರೆ ಬಿಸಿಲು ಬಿದ್ದರೆ ಬೇಗ ಸತ್ವ ಕಳೆದುಕೊಳ್ಳುತ್ತದೆ, ಬೆಲೆಯೂ ಹೆಚ್ಚು.

ಮುಲ್ಲರ್ ತಮಗೆ ಬೇಕಾದ ಕೀಟನಾಶಕ ಹೇಗಿರಬೇಕೆಂದು ಏಳು ಅಂಶಗಳನ್ನು ಇಟ್ಟುಕೊಂಡರು. ಕೀಟಕ್ಕೆ ತೀವ್ರ ವಿಷವಾಗಿರಬೇಕು. ಬೇಗ ಕೆಲಸ ಮಾಡಬೇಕು. ಪ್ರಾಣಿಗಳಿಗೂ ಗಿಡಗಳಿಗೂ ತೊಂದರೆ ಆಗಬಾರದು. ಉರಿ, ವಾಸನೆ ಇರಬಾರದು. ಆದಷ್ಟು ಹೆಚ್ಚು ಬಗೆಯ ಕೀಟಗಳ ಮೇಲೆ ನಡೆಯಬೇಕು. ಬಹುಕಾಲ ಉಳಿಯಬೇಕು. ಅಗ್ಗವಾಗಿರಬೇಕು. ಈ ಪಟ್ಟಿಯನ್ನು ಹಲಗೆಯ ಮೇಲೆ ಬರೆದು ಅವಧಿ ಮುಗಿಯುವವರೆಗೆ ಅಳಿಸದೆ ಬಿಟ್ಟೆ. ಐದನೆಯದೂ ಆರನೆಯದೂ ಮುಂದೆ ಬೇಕಾಗುತ್ತವೆ.

ಕೆಲಸದ ವಿಧಾನ ಸರಳ. ಒಂದು ಗಾಜಿನ ಪೆಟ್ಟಿಗೆ, ಅದರಲ್ಲಿ ನೊಣಗಳು. ಹೊಸ ಸಂಯುಕ್ತ ತಯಾರಿಸಿ ಒಳಗೆ ಸಿಂಪಡಿಸಿ ನೋಡುವುದು. ಹುಳು ತಿಂದು ಸಾಯುವ ವಿಷವಲ್ಲ, ಮೈಗೆ ತಾಗಿದರೆ ಸಾಕು ಎನ್ನುವಂಥದ್ದು ಅವರಿಗೆ ಬೇಕಿತ್ತು. ನಾಲ್ಕು ವರ್ಷಗಳಲ್ಲಿ 349 ಸಂಯುಕ್ತಗಳು ಸೋತವು ಎಂದು ಅವರ ಬಗೆಗಿನ ಬರಹಗಳು ಹೇಳುತ್ತವೆ. 1939ರ ಸೆಪ್ಟೆಂಬರಿನಲ್ಲಿ, ಯೂರೋಪಿನಲ್ಲಿ ಯುದ್ಧ ಶುರುವಾದ ತಿಂಗಳಲ್ಲೇ, ಕ್ಲೋರಾಲ್ ಮತ್ತು ಕ್ಲೋರೋಬೆಂಜೀನ್‌ಗಳನ್ನು ಸಲ್ಫ್ಯೂರಿಕ್ ಆಮ್ಲದ ಜೊತೆ ಸೇರಿಸಿ ಬಂದ ಬಿಳಿ ಪುಡಿಯನ್ನು ಪರೀಕ್ಷಿಸಿದರು. ನೊಣಗಳು ಕೂಡಲೇ ಬೀಳಲಿಲ್ಲ. ಹೊತ್ತು ಕಳೆದಂತೆ ಒಂದೊಂದಾಗಿ ಬೆನ್ನಡಿಯಾಗಿ ಬಿದ್ದವು.

ನನಗೆ ಮುಖ್ಯವೆನಿಸುವುದು ಆಮೇಲಿನ ಸಂಗತಿ. ಪೆಟ್ಟಿಗೆಯನ್ನು ಚೆನ್ನಾಗಿ ತೊಳೆದು ಔಷಧಿ ಹಾಕದ ಹೊಸ ನೊಣಗಳನ್ನು ಬಿಟ್ಟರೂ ಅವು ಗೋಡೆ ಮುಟ್ಟಿ ಕೆಳಗೆ ಬಿದ್ದವು. ಕೊನೆಗೆ ಪೆಟ್ಟಿಗೆಯನ್ನು ಬಿಚ್ಚಿ, ತೊಳೆದು, ಸುಮಾರು ಒಂದು ತಿಂಗಳು ಹೊರಗೆ ಗಾಳಿಗಿಟ್ಟ ಮೇಲಷ್ಟೇ ಅವರು ಪ್ರಯೋಗ ಮುಂದುವರಿಸಲು ಸಾಧ್ಯವಾಯಿತು. ಡಿಡಿಟಿಯ ಮುಂದಿನ ಮೂವತ್ತು ವರ್ಷಗಳ ಕೀರ್ತಿ, ಅಪಕೀರ್ತಿ ಎರಡೂ ಆ ಪೆಟ್ಟಿಗೆಯ ಗಾಜಿಗೆ ಅಂಟಿಕೊಂಡಿದ್ದವು. ಅವರ ಪಟ್ಟಿಯಲ್ಲಿ ಅದು ಗುಣವಾಗಿತ್ತು, ಆರನೇ ಅಂಶ.

ಪುಡಿ ಹೊಸದೇನಲ್ಲ. 1874ರಲ್ಲೇ ಓಥ್ಮಾರ್ ಝೈಡ್ಲರ್ ಎಂಬ ವಿದ್ಯಾರ್ಥಿ ಅದನ್ನು ತಯಾರಿಸಿ ಪ್ರಕಟಿಸಿದ್ದ. ಅದರ ಮುಂದೆ ಒಂದು ನೊಣ ಬಿಟ್ಟು ನೋಡಬೇಕೆಂದು ಅವನಿಗೆ ಹೊಳೆದಿರಲಿಲ್ಲ. (ಸಂಶ್ಲೇಷಣೆಗೂ ಆವಿಷ್ಕಾರಕ್ಕೂ ಇರುವ ವ್ಯತ್ಯಾಸ ಹೇಳಲು ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ. ರಸಾಯನಶಾಸ್ತ್ರ ಬೋಧಿಸುವ ಸಹಪಾಠಿಗಳು ಬಳಸಿಕೊಳ್ಳಬಹುದು.)

ಸ್ವಿಟ್ಜರ್‌ಲೆಂಡಿನಲ್ಲಿ ಮೊದಲು ಇದು ಆಲೂಗಡ್ಡೆ ಹೊಲಕ್ಕೆ ಹೋಯಿತು, ಕೊಲರಾಡೊ ದುಂಬಿಯನ್ನು ತಡೆಯಲು. ಹೆಸರು ತಂದದ್ದು ಮಾತ್ರ ಹೇನು. 1943-44ರ ಚಳಿಗಾಲದಲ್ಲಿ ಇಟಲಿಯ ನೇಪಲ್ಸ್ ನಗರದಲ್ಲಿ ಹೇನಿನಿಂದ ಹರಡುವ ಟೈಫಸ್ ಜ್ವರ ಹಬ್ಬಿತು. ಹತ್ತು ಲಕ್ಷಕ್ಕೂ ಹೆಚ್ಚು ಜನರ ಬಟ್ಟೆಯೊಳಗೆ ಪುಡಿ ಊದಲಾಯಿತು, ಜ್ವರ ಹಿಡಿತಕ್ಕೆ ಬಂತು. ಯುದ್ಧ ಮುಗಿದ ಮೇಲೆ ಸೊಳ್ಳೆಯ ಸರದಿ. 1948ರಲ್ಲಿ, ವೈದ್ಯರೇ ಅಲ್ಲದ ಈ ಕಂಪನಿ ರಸಾಯನಜ್ಞರಿಗೆ ವೈದ್ಯಕೀಯ ನೊಬೆಲ್ ಕೊಟ್ಟರು.

ಇಲ್ಲಿ ನಮ್ಮ ಮಲೆನಾಡನ್ನು ತರದೆ ಇರಲಾಗಲಿಲ್ಲ. ಚಳಿಜ್ವರದ ಭಯಕ್ಕೆ ಮಲೆನಾಡಿನ ಹಳ್ಳಿಗಳಿಗೆ ಹೆಣ್ಣು ಕೊಡಲು ಹಿಂಜರಿಯುತ್ತಿದ್ದರೆಂದು ನನ್ನ ಅಜ್ಜಿ ಹೇಳುತ್ತಿದ್ದರು. 1953ರಲ್ಲಿ ರಾಷ್ಟ್ರೀಯ ಮಲೇರಿಯಾ ನಿಯಂತ್ರಣ ಕಾರ್ಯಕ್ರಮ ಶುರುವಾದಾಗ ದೇಶದಲ್ಲಿ ವರ್ಷಕ್ಕೆ ಸುಮಾರು ಏಳೂವರೆ ಕೋಟಿ ಜನರಿಗೆ ಜ್ವರ ಬರುತ್ತಿತ್ತು, ಎಂಟು ಲಕ್ಷ ಜನ ಸಾಯುತ್ತಿದ್ದರು ಎಂಬುದು ಅಂದಿನ ಅಂದಾಜು. ಮನೆಯ ಒಳಗೋಡೆಗೆ ಡಿಡಿಟಿ ಹೊಡೆಯುತ್ತಾ ಹೋದ ಮೇಲೆ, 1961ರ ಹೊತ್ತಿಗೆ ವರದಿಯಾದ ಪ್ರಕರಣಗಳು ಐವತ್ತು ಸಾವಿರದ ಆಸುಪಾಸಿಗೆ ಇಳಿದವು. ರಕ್ತ ಹೀರಿದ ಸೊಳ್ಳೆ ಗೋಡೆಯ ಮೇಲೆ ಕೂತು ಸುಧಾರಿಸಿಕೊಳ್ಳುತ್ತದೆ, ಅಲ್ಲಿ ಪುಡಿ ಕಾಲಿಗೆ ತಾಗುತ್ತದೆ. ಗಾಜಿನ ಪೆಟ್ಟಿಗೆಯ ಪಾಠವೇ ಇದು. ಗೋಡೆ ತಿಂಗಳುಗಟ್ಟಲೆ ಕೆಲಸ ಮಾಡುವುದರಿಂದಲೇ ಹಳ್ಳಿಗೆ ವರ್ಷಕ್ಕೆ ಎರಡು ಸಲ ಹೋದರೆ ಸಾಕಾಗುತ್ತಿತ್ತು. ತಿಗಣೆಯೂ ಸತ್ತಿತೆಂದು ಜನ ಖುಷಿಪಟ್ಟರು. ತಿಗಣೆ ಬೇಗ ಒಗ್ಗಿಕೊಂಡು ಸಾಯುವುದನ್ನು ನಿಲ್ಲಿಸಿದ ಮೇಲೆ ಸಿಂಪರಣೆಯವರನ್ನು ಒಳಗೆ ಬಿಡಲು ಬೇಸರಪಟ್ಟದ್ದೂ ಉಂಟು.

ಒಗ್ಗಿಕೊಳ್ಳುವುದು ಬಹುಮಾನಕ್ಕಿಂತ ಮೊದಲೇ ಕಾಣಿಸಿತ್ತು. 1946-47ರ ಹೊತ್ತಿಗೆ ಸ್ವೀಡನ್, ಇಟಲಿಗಳ ಮನೆನೊಣಗಳು ಡಿಡಿಟಿಗೆ ಬಗ್ಗಲಿಲ್ಲ. ಇದನ್ನು ತರಗತಿಯಲ್ಲಿ ಕಾಳುಗಳಿಂದ ಆಡಿಸಿದೆ. ತಟ್ಟೆಯಲ್ಲಿ 45 ಅಲಸಂದೆ, 5 ಹುರುಳಿ. ಅಲಸಂದೆ ಸಾಮಾನ್ಯ ನೊಣ, ಹುರುಳಿ ನಿರೋಧಕ ನೊಣ. ಪ್ರತಿ ಸಿಂಪರಣೆಗೆ ಮೂರರಲ್ಲಿ ಎರಡು ಪಾಲು ಅಲಸಂದೆ ಹೊರಗೆ, ಹುರುಳಿ ಹಾಗೇ ಉಳಿಯುತ್ತದೆ. ಉಳಿದವು ಮರಿಮಾಡಿ ಇಮ್ಮಡಿಯಾಗುತ್ತವೆ. ಮೂರನೇ ಸಿಂಪರಣೆ ಮುಗಿದಾಗ ತಟ್ಟೆಯಲ್ಲಿ 7 ಅಲಸಂದೆ, 20 ಹುರುಳಿ. ಔಷಧಿ ನೊಣವನ್ನು ಬದಲಾಯಿಸುವುದಿಲ್ಲ, ಮೊದಲೇ ಇದ್ದ ಗಟ್ಟಿ ನೊಣಗಳನ್ನು ಆರಿಸಿಡುತ್ತದೆ ಎಂಬುದನ್ನು ಮಕ್ಕಳು ನಾನು ಬಾಯಿ ಬಿಡುವ ಮೊದಲೇ ಹೇಳಿದರು.

ಹೊಲ, ತೋಟ, ಕಾಡುಗಳ ಮೇಲೆ ವಿಮಾನದಿಂದ ಸುರಿದಾಗ ಐದನೇ ಅಂಶವೂ ತಿರುಗಿ ಬಿತ್ತು. ಹೆಚ್ಚು ಬಗೆಯ ಕೀಟಗಳನ್ನು ಕೊಲ್ಲುವ ಔಷಧಿ ಜೇನ್ನೊಣವನ್ನೂ, ಸಸ್ಯಹೇನು ತಿನ್ನುವ ಗುಲಗಂಜಿ ಹುಳುವನ್ನೂ ಬಿಡುವುದಿಲ್ಲ. ಡಿಡಿಟಿ ನೀರಿನಲ್ಲಿ ಕರಗದು, ಕೊಬ್ಬಿನಲ್ಲಿ ಕರಗುತ್ತದೆ. ಆದ್ದರಿಂದ ಸಣ್ಣ ಜೀವಿಯಿಂದ ಮೀನಿಗೆ, ಮೀನಿನಿಂದ ಹಕ್ಕಿಗೆ ಹೋಗುತ್ತಾ ಸಾಂದ್ರವಾಗುತ್ತದೆ. ಹದ್ದು, ಡೇಗೆಗಳ ಮೊಟ್ಟೆಯ ಚಿಪ್ಪು ತೆಳುವಾಗಿ ಕಾವು ಕೂತಾಗಲೇ ಒಡೆದವು. 1962ರಲ್ಲಿ ರೇಚಲ್ ಕಾರ್ಸನ್ ಅವರ ಪುಸ್ತಕ ಈ ವಿಷಯವನ್ನು ಜನರ ಮುಂದಿಟ್ಟಿತು. 1972ರಲ್ಲಿ ಅಮೆರಿಕ ಕೃಷಿಯಲ್ಲಿ ಡಿಡಿಟಿ ನಿಲ್ಲಿಸಿತು, ಭಾರತ 1989ರಲ್ಲಿ. 2001ರ ಸ್ಟಾಕ್‌ಹೋಮ್ ಒಪ್ಪಂದ ರೋಗವಾಹಕ ಕೀಟಗಳ ನಿಯಂತ್ರಣಕ್ಕೆ ಮಾತ್ರ ಅವಕಾಶ ಉಳಿಸಿತು.

ಮುಲ್ಲರ್ 1961ರಲ್ಲಿ ನಿವೃತ್ತರಾಗಿ ಮನೆಯ ಪ್ರಯೋಗಾಲಯದಲ್ಲಿ ಕೆಲಸ ಮುಂದುವರಿಸಿದರು. ಕಾಡುಗಿಡಗಳೆಂದರೆ ಅವರಿಗೆ ಪ್ರೀತಿ. 1965ರ ಅಕ್ಟೋಬರ್ 13ರಂದು ಬಾಸೆಲ್‌ನಲ್ಲಿ ತೀರಿಕೊಂಡರು.

ನೊಬೆಲ್ ವಾಪಸ್ ತಗೋಬೇಕಿತ್ತಲ್ವಾ ಮಿಸ್ ಎಂದು ಒಬ್ಬಳು ಕೇಳಿದಳು. ನನ್ನ ಅಭಿಪ್ರಾಯ ಹೇಳಿದೆ: ಬೇಕಿರಲಿಲ್ಲ. ಒಂದು ಚದರ ಮೀಟರ್ ಗೋಡೆಗೆ ಒಂದು ಗ್ರಾಂ ಹೊಡೆಯುವುದು ಬೇರೆ, ಹೊಳೆಯ ಮೇಲೆ ವಿಮಾನದಿಂದ ಸುರಿಯುವುದು ಬೇರೆ. ಎರಡನ್ನೂ ಒಂದೇ ಹೆಸರಿನಲ್ಲಿ ಬೈದರೆ ನನ್ನ ಅಜ್ಜಿಯ ಊರಿಗೆ ಅನ್ಯಾಯ, ಎರಡನ್ನೂ ಹೊಗಳಿದರೆ ಹಕ್ಕಿಗಳಿಗೆ. ಅವಳಿಗೆ ಪೂರ್ತಿ ಒಪ್ಪಿಗೆಯಾಗಲಿಲ್ಲ. ಡಬ್ಬಿಯ ಮೇಲೆ ಅದನ್ನೆಲ್ಲ ಬರೆದಿರುತ್ತಾರಾ ಎಂದಳು.

ಅದೇ ಮರುದಿನದ ಚಟುವಟಿಕೆಯಾಯಿತು. ಮನೆಯಲ್ಲಿರುವ ಔಷಧಿಗಳ ಲೇಬಲ್ಲನ್ನು, ಡಬ್ಬಿ ಮುಟ್ಟದೆ, ದೊಡ್ಡವರಿಂದ ಓದಿಸಿ ಬರೆದುಕೊಂಡು ಬರಲು ಹೇಳಿದೆ. ಸೊಳ್ಳೆಬತ್ತಿ, ಜಿರಳೆಯ ಸೀಮೆಸುಣ್ಣ, ಬೇವಿನೆಣ್ಣೆ, ರಾಗಿ ಡಬ್ಬದೊಳಗಿನ ಬೇವಿನೆಲೆ ಬಂದವು. ಒಂದೊಂದಕ್ಕೂ ಮುಲ್ಲರ್ ಪಟ್ಟಿಯ ಏಳು ಅಂಶಗಳಲ್ಲಿ ಅಂಕ ಕೊಟ್ಟರು. ಏಳಕ್ಕೆ ಏಳು ಯಾವುದಕ್ಕೂ ಸಿಗಲಿಲ್ಲ. ಬಹುಕಾಲ ಉಳಿಯುವುದಕ್ಕೆ ಅಂಕ ಕೂಡಿಸಬೇಕೋ ಕಳೆಯಬೇಕೋ ಎಂದು ಎರಡು ಗುಂಪಿನವರು ಗಂಟೆ ಹೊಡೆಯುವವರೆಗೂ ಜಗಳಾಡಿದರು. ಬೇವಿನೆಲೆಗೆ ವಾಸನೆಯ ಕಲಂನಲ್ಲಿ ಸೊನ್ನೆ ಬಿತ್ತು, ಬೆಲೆಯ ಕಲಂನಲ್ಲಿ ಪೂರ್ಣಾಂಕ.