ಗುಜರಾತಿ ಕಾದಂಬರಿಯ ಆದಿಪುರುಷ: ರಾವ್ ಬಹಾದ್ದೂರ್ ನಂದಶಂಕರ ಮೆಹತಾ

ತಾಪಿ ನದಿಯ ಆಚೆ ದಡದ ಅಡಾಜಣ್‌ದಲ್ಲಿ ಮನೆಮಾಡಿಕೊಂಡಿರುವ ನಮ್ಮ ಕನ್ನಡ ಬಂಧುಗಳು ಉದ್ಯೋಗದ ನಿಮಿತ್ತವಾಗಿಯೋ ಪೇಟೆಯ ಕೆಲಸಕ್ಕಾಗಿಯೋ ಸೇತುವೆಯನ್ನು ದಾಟಿ ಹಳೆಯ ಸೂರತ್ ಪಟ್ಟಣಕ್ಕೆ ಹೋಗಿಬರುವುದು ವಾಡಿಕೆ. ಕೋಟೆಯ ಸಮೀಪದಲ್ಲಿ ೧೮೭೭ರಲ್ಲಿ ಈ ನದಿಗೆ ಕಟ್ಟಿದ ಸೇತುವೆಯನ್ನು ಜನರು ಹೋಪ್ ಪೂಲ್ ಎಂದು ಕರೆದರು. ಸರ್ ಥಿಯೋಡೋರ್ ಹೋಪ್ ಎಂಬ ಆಂಗ್ಲ ಅಧಿಕಾರಿಯ ಹೆಸರು ಹೀಗೆ ಊರವರ ನಾಲಗೆಯ ಮೇಲೆ ಉಳಿಯಿತು. ಆ ಅಧಿಕಾರಿಯ ಒತ್ತಾಯದಿಂದ ಉಪಾಧ್ಯಾಯ ವೃತ್ತಿಯನ್ನು ಬಿಟ್ಟು ಸರಕಾರಿ ಆಡಳಿತಕ್ಕೆ ಸೇರಿದ ಸೂರತ್ತಿನ ಒಬ್ಬ ಮಹನೀಯರ ಹೆಸರನ್ನು ಮಾತ್ರ ನಮ್ಮಲ್ಲಿ ಬಹು ಮಂದಿ ಕೇಳಿರಲಾರರು. ಅವರೇ ಗುಜರಾತಿ ಭಾಷೆಯ ಪ್ರಥಮ ಸ್ವತಂತ್ರ ಕಾದಂಬರಿಯನ್ನು ಬರೆದ ನಂದಶಂಕರ ತುಳಜಾಶಂಕರ ಮೆಹತಾ ಅವರು. ಅನ್ನ ನೀಡುವ ಊರಿನ ಹಿರಿಯರನ್ನು ಅರಿಯುವುದು ನಮ್ಮ ಕರ್ತವ್ಯವೆಂದು ಬಗೆದು ಅವರ ಜೀವನವೃತ್ತಾಂತವನ್ನು ಇಲ್ಲಿ ಸಂಗ್ರಹವಾಗಿ ನಿರೂಪಿಸುತ್ತೇವೆ.

ನಂದಶಂಕರರು ಜನಿಸಿದ್ದು ೧೮೩೫ನೆಯ ಏಪ್ರಿಲ್ ೨೧ರಂದು, ಸೂರತ್ತಿನ ಒಂದು ನಾಗರ ಬ್ರಾಹ್ಮಣ ಕುಟುಂಬದಲ್ಲಿ. ಮೊಗಲರ ಕಾಲದಲ್ಲಿ ಪಶ್ಚಿಮ ಸಮುದ್ರದ ಮಹಾದ್ವಾರವೆನಿಸಿದ್ದ ಆ ಪಟ್ಟಣದ ವೈಭವವು ಅಷ್ಟುಹೊತ್ತಿಗೆ ಅಳಿದಿತ್ತು. ಹಡಗುಗಳೂ ಸಾಹುಕಾರರೂ ಮುಂಬಯಿಯ ಕಡೆಗೆ ತಿರುಗಿದ್ದರು. ಅವರು ಎರಡು ವರ್ಷದ ಶಿಶುವಾಗಿದ್ದಾಗ, ೧೮೩೭ರಲ್ಲಿ, ಊರಿಗೆ ಬೆಂಕಿ ಬಿದ್ದು ಒಂಬತ್ತು ಸಾವಿರಕ್ಕೂ ಮಿಕ್ಕ ಮನೆಗಳು ಭಸ್ಮವಾದವು. ಅದೇ ವರ್ಷ ತಾಪಿಯ ಪ್ರವಾಹವೂ ನುಗ್ಗಿತು. ಕಳೆದುಹೋದ ವೈಭವದ ಕಥೆಗಳನ್ನು ಹಿರಿಯರ ಬಾಯಿಂದ ಕೇಳುತ್ತ, ಸುಟ್ಟ ಬೀದಿಗಳನ್ನು ಕಾಣುತ್ತ ಬೆಳೆದ ತಲೆಮಾರು ಅವರದು. ರಾಜ್ಯವೊಂದು ಏಕೆ ಅಳಿಯಿತೆಂಬ ಪ್ರಶ್ನೆ ಮುಂದೆ ಅವರ ಲೇಖನಿಯನ್ನು ಹಿಡಿದದ್ದು ಆಶ್ಚರ್ಯವಲ್ಲ.

ಹತ್ತನೆಯ ವಯಸ್ಸಿನಲ್ಲಿ ಅವರು ಊರಿನ ಇಂಗ್ಲಿಷ್ ಶಾಲೆಯನ್ನು ಸೇರಿದರು. ೧೮೫೫ರಲ್ಲಿ ನಂದಗೌರಿಯವರೊಡನೆ ಅವರ ವಿವಾಹವಾಯಿತು. ಓದಿದ ಶಾಲೆಯಲ್ಲಿಯೇ ಉಪಾಧ್ಯಾಯರಾಗಿ, ೧೮೫೮ರಲ್ಲಿ ಅದರ ಮುಖ್ಯೋಪಾಧ್ಯಾಯರಾದರು. ಆ ಸ್ಥಾನವನ್ನೇರಿದ ಭಾರತೀಯರಲ್ಲಿ ಅವರೇ ಮೊದಲಿಗರು; ಆಗ ಅವರಿಗೆ ಇಪ್ಪತ್ತಮೂರು ವರ್ಷ. ಅದೇ ವರ್ಷ ಅವರ ಊರಿನವರೇ ಆದ ಕವಿ ನರ್ಮದರು ಉಪಾಧ್ಯಾಯ ವೃತ್ತಿಗೆ ರಾಜೀನಾಮೆಯಿತ್ತು ಲೇಖನಿಯನ್ನೇ ನಂಬಿ ಬದುಕಲು ಹೊರಟರು. ಒಬ್ಬರು ನೌಕರಿಯನ್ನು ತೊರೆದು ಭಾಷೆಯ ಸೇವೆ ಮಾಡಿದರು, ಇನ್ನೊಬ್ಬರು ನೌಕರಿಯಲ್ಲಿದ್ದುಕೊಂಡೇ ಅದನ್ನು ಮಾಡಿದರು. ಕನ್ನಡ ನಾಡಿನ ವಾಚಕರಿಗೆ ಈ ಸಂದರ್ಭದಲ್ಲಿ ಡೆಪ್ಯುಟಿ ಚನ್ನಬಸಪ್ಪನವರ ನೆನಪಾಗದಿರದು. ೧೮೩೪ರಲ್ಲಿ ಹುಟ್ಟಿದ ಅವರು ನಂದಶಂಕರರ ಸಮವಯಸ್ಕರು. ಧಾರವಾಡವೂ ಸೂರತ್ತೂ ಆಗ ಒಂದೇ ಮುಂಬಯಿ ಇಲಾಖೆಗೆ ಸೇರಿದ್ದವು. ಅದೇ ವಿದ್ಯಾಖಾತೆಯಲ್ಲಿ ಒಬ್ಬರು ದಕ್ಷಿಣದಲ್ಲಿ ಕನ್ನಡಕ್ಕಾಗಿ, ಒಬ್ಬರು ಉತ್ತರದಲ್ಲಿ ಗುಜರಾತಿಗಾಗಿ ಶ್ರಮಿಸಿದರು.

ಇಂಗ್ಲಿಷ್ ಕಥಾಗ್ರಂಥಗಳ ರೀತಿಯಲ್ಲಿ ಗುಜರಾತಿಯಲ್ಲಿಯೂ ಪುಸ್ತಕಗಳಾಗಬೇಕೆಂದು ವಿದ್ಯಾಖಾತೆಯ ಇನ್‌ಸ್ಪೆಕ್ಟರರಾಗಿದ್ದ ರಸೆಲ್ ಎಂಬವರು ನಂದಶಂಕರರಲ್ಲಿ ತಮ್ಮ ಅಭಿಲಾಷೆಯನ್ನು ತಿಳಿಸಿದ್ದರು. ಅದರ ಫಲವಾಗಿ ೧೮೬೬ರಲ್ಲಿ ಪ್ರಕಟವಾದದ್ದೇ 'ಕರಣ ಘೇಲೋ', ಎಂದರೆ ಮರುಳ ಕರಣ. ಗುಜರಾತಿನ ಕಡೆಯ ರಜಪೂತ ಅರಸನಾದ ಕರಣ ವಾಘೇಲನೇ ಅದರ ನಾಯಕ. ಭಾಟರು ಹಾಡುತ್ತ ಬಂದ ಕಥೆಗಳನ್ನೂ, ಫಾರ್ಬ್ಸ್ ಸಾಹೇಬರು ೧೮೫೬ರಲ್ಲಿ ಪ್ರಕಟಿಸಿದ 'ರಾಸಮಾಲಾ' ಎಂಬ ಇತಿಹಾಸಗ್ರಂಥವನ್ನೂ ಆಧರಿಸಿ ಅವರು ಈ ಕಥೆಯನ್ನು ಕಟ್ಟಿದರು.

ಕಥೆಯ ಸಾರವಿಷ್ಟು. ಪಾಟಣದ ಅರಸ ಕರಣನು ತನ್ನ ಮಂತ್ರಿಯಾದ ಮಾಧವನ ಪತ್ನಿ ರೂಪಸುಂದರಿಯ ಮೇಲೆ ಮೋಹಗೊಂಡು, ಮಂತ್ರಿಯು ಊರಲ್ಲಿಲ್ಲದಾಗ ಆಕೆಯನ್ನು ಬಲಾತ್ಕಾರದಿಂದ ಒಯ್ಯುತ್ತಾನೆ. ತಡೆಯಲು ಹೋದ ಮಾಧವನ ತಮ್ಮ ಕೇಶವನು ಹತನಾಗುತ್ತಾನೆ. ಕೇಶವನ ಪತ್ನಿ ಗುಣಸುಂದರಿ ರಾಜನನ್ನು ಶಪಿಸಿ ಸಹಗಮನ ಮಾಡುತ್ತಾಳೆ. ಸೇಡಿನ ಬೆಂಕಿಯಿಂದ ಬೆಂದ ಮಾಧವನು ದಿಲ್ಲಿಗೆ ಹೋಗಿ ಅಲ್ಲಾವುದ್ದೀನ್ ಖಿಲ್ಜಿಯ ಸೈನ್ಯವನ್ನು ಕರೆತರುತ್ತಾನೆ. ಪಾಟಣ ಬೀಳುತ್ತದೆ, ರಾಣಿ ಕೌಳಾದೇವಿ ದಿಲ್ಲಿಯ ಅಂತಃಪುರದ ಪಾಲಾಗುತ್ತಾಳೆ, ಕರಣನು ಮಗಳೊಡನೆ ಬಾಗಲಾಣದ ಬೆಟ್ಟಗಳಲ್ಲಿ ಆಶ್ರಯ ಪಡೆಯುತ್ತಾನೆ.

ಇಲ್ಲಿಂದ ಮುಂದಿನ ಭಾಗವೇ ನಮ್ಮ ಮನಸ್ಸನ್ನು ಹೆಚ್ಚು ಕಲಕುವಂಥದು. ದೇವಗಿರಿಯ ಯಾದವ ರಾಜಕುಮಾರ ಶಂಕರದೇವನು ಕರಣನ ಮಗಳಾದ ದೇವಳದೇವಿಯ ಕೈಹಿಡಿಯಲು ಬಯಸುತ್ತಾನೆ. ರಾಜ್ಯ ಹೋಗಿದೆ, ಸೈನ್ಯ ಹೋಗಿದೆ, ಮಡದಿ ಹೋಗಿದ್ದಾಳೆ. ಆದರೂ ದಕ್ಷಿಣದವನೊಬ್ಬ ರಜಪೂತ ಕುಲಕ್ಕೆ ಸರಿಸಮಾನನಲ್ಲವೆಂಬ ಅಭಿಮಾನ ಮಾತ್ರ ಕರಣನನ್ನು ಬಿಟ್ಟಿಲ್ಲ. ಬಹುಕಾಲ ಒಪ್ಪದೆ, ಕಡೆಗೆ ಗತ್ಯಂತರವಿಲ್ಲದೆ ಒಪ್ಪುವ ಹೊತ್ತಿಗೆ ಕಾಲ ಮಿಂಚಿರುತ್ತದೆ. ದೇವಗಿರಿಯ ಹಾದಿಯಲ್ಲಿಯೇ ಕನ್ಯೆಯು ದಿಲ್ಲಿಯ ಸೈನಿಕರ ಕೈಗೆ ಸಿಕ್ಕಿಬೀಳುತ್ತಾಳೆ. ಈ ವೃತ್ತಾಂತದಲ್ಲಿ ಇತಿಹಾಸವೆಷ್ಟು, ಕವಿಕಲ್ಪನೆಯೆಷ್ಟು ಎಂಬ ಬಗ್ಗೆ ಪಂಡಿತರಲ್ಲಿ ಭಿನ್ನಾಭಿಪ್ರಾಯಗಳಿವೆ. ಆದರೆ ಕಥೆಯ ನೀತಿ ಸ್ಪಷ್ಟವಾಗಿದೆ. ಮನೆಯ ಬಾಗಿಲಿಗೆ ಬಂದ ಬಾಂಧವ್ಯವನ್ನು ಕುಲಾಭಿಮಾನದಿಂದ ತಿರಸ್ಕರಿಸಿದವನಿಗೆ ಮನೆಯೂ ಉಳಿಯಲಿಲ್ಲ, ನಾಡೂ ಉಳಿಯಲಿಲ್ಲ.

ಈ ಕಥೆ ಕನ್ನಡಿಗರಿಗೆ ದೂರದ್ದೆಂದು ಯಾರೂ ಭಾವಿಸಬಾರದು. ದೇವಗಿರಿಯ ಯಾದವರು, ಎಂದರೆ ಸೇವುಣರು, ಹೊರಡಿಸಿದ ಶಾಸನಗಳಲ್ಲಿ ಕನ್ನಡದವು ವಿಪುಲವಾಗಿವೆ. ೧೨೯೯ರ ಆ ದಂಡಯಾತ್ರೆಯಲ್ಲಿಯೇ ಖಂಭಾತದಲ್ಲಿ ಸೆರೆಸಿಕ್ಕ ಗುಲಾಮನೊಬ್ಬನು ದಿಲ್ಲಿಯಲ್ಲಿ ಮಲಿಕ್ ಕಾಫೂರನೆಂಬ ಸೇನಾಪತಿಯಾಗಿ ಬೆಳೆದು, ೧೩೧೧ರಲ್ಲಿ ಹೊಯ್ಸಳರ ದ್ವಾರಸಮುದ್ರದ ಮೇಲೆ ಏರಿಬಂದನು. ಗುಜರಾತಿನ ಪತನಕ್ಕೂ ನಮ್ಮ ಹಳೇಬೀಡಿನ ದುಃಖಕ್ಕೂ ನಡುವೆ ಹನ್ನೆರಡು ವರ್ಷಗಳ ಅಂತರವಷ್ಟೆ.

ಗ್ರಂಥದಲ್ಲಿ ದೋಷಗಳಿಲ್ಲವೆಂದಲ್ಲ. ವರ್ಣನೆಗಳು ದೀರ್ಘವಾಗಿವೆ, ಉಪಾಧ್ಯಾಯರು ಕಥೆಯನ್ನು ನಿಲ್ಲಿಸಿ ಪಾಠ ಹೇಳತೊಡಗುವ ಸ್ಥಳಗಳು ಅನೇಕ. ಆದರೂ ಪತನದ ಹೊಣೆಯನ್ನೆಲ್ಲ ಹೊರಗಿನಿಂದ ಬಂದವರ ತಲೆಗೆ ಕಟ್ಟದೆ, ಅರಸನ ಕಾಮವನ್ನೂ ಮಂತ್ರಿಯ ದ್ವೇಷವನ್ನೂ ಅವರು ತೂಗಿ ನೋಡಿದ್ದಾರೆ. ಒಂದು ಮನೆಗೆ ಮಾಡಿದ ಅನ್ಯಾಯವು ಇಡೀ ನಾಡನ್ನು ಸುಡಬಲ್ಲುದೆಂಬ ಅವರ ತಿಳಿವಳಿಕೆಗೆ ಇಂದಿಗೂ ಬೆಲೆಯಿದೆ. ಸೂರತ್ತಿನವರೇ ಆದ ನವಲರಾಮ ಪಂಡ್ಯಾ ಅವರು ಈ ಗ್ರಂಥದ ಮೇಲೆ ಬರೆದ ಲೇಖನವು ಗುಜರಾತಿ ವಿಮರ್ಶೆಯ ಆರಂಭಕಾಲದ ಬರಹಗಳಲ್ಲಿ ಗಣ್ಯವಾದುದು.

ಅದೇ ೧೮೬೬ರಲ್ಲಿ ಸೂರತ್ ಮೂಲದ ಮಹೀಪತರಾಮ ನೀಲಕಂಠರು ಅತ್ತೆ ಸೊಸೆಯರ ಕಲಹವನ್ನು ಕುರಿತ ಕಾದಂಬರಿಯನ್ನು ಪ್ರಕಟಿಸಿದರು. ೧೮೬೦ರಲ್ಲಿ ಸಮುದ್ರ ದಾಟಿ ಇಂಗ್ಲೆಂಡಿಗೆ ಹೋದ ತಪ್ಪಿಗೆ ಜಾತಿಯಿಂದ ಬಹಿಷ್ಕೃತರಾದವರು ಅವರು, ನಂದಶಂಕರರಂತೆಯೇ ನಾಗರರು. ಒಬ್ಬರು ಅರಮನೆಯ ಕಥೆಯಿಂದಲೂ ಇನ್ನೊಬ್ಬರು ಅಡುಗೆಮನೆಯ ಕಥೆಯಿಂದಲೂ ಎತ್ತಿದ ಪ್ರಶ್ನೆ ಒಂದೇ: ನಮ್ಮವರು ಯಾರು, ಅವರನ್ನು ನಾವು ನಡೆಸಿಕೊಳ್ಳುವ ಬಗೆ ಎಂಥದು? ಮೂವತ್ತಮೂರು ವರ್ಷಗಳ ತರುವಾಯ, ೧೮೯೯ರಲ್ಲಿ, ಮಂಗಳೂರಿನ ಗುಲ್ವಾಡಿ ವೆಂಕಟರಾಯರು 'ಇಂದಿರಾಬಾಯಿ'ಯಲ್ಲಿ ವಿಧವೆಯೊಬ್ಬಳ ಕಥೆಯ ಮೂಲಕ ಕನ್ನಡದಲ್ಲಿ ಅದೇ ಪ್ರಶ್ನೆಯನ್ನು ಕೇಳಿದರು.

ನಂದಶಂಕರರು ಮತ್ತೊಂದು ಕಾದಂಬರಿಯನ್ನು ಬರೆಯಲಿಲ್ಲ. ಆಡಳಿತದ ಕಾರ್ಯಭಾರ ಅವರನ್ನು ಸೆಳೆದುಕೊಂಡಿತು. ಅಂಕಲೇಶ್ವರದಲ್ಲಿ ಮಾಮಲೇದಾರರಾಗಿಯೂ, ಗೋಧ್ರಾದಲ್ಲಿ ಸಹಾಯಕ ಪೊಲಿಟಿಕಲ್ ಏಜೆಂಟರಾಗಿಯೂ, ಕಚ್ಛ ಸಂಸ್ಥಾನದ ದಿವಾನರಾಗಿಯೂ ದುಡಿದು, ೧೮೯೦ರಲ್ಲಿ ನಿವೃತ್ತರಾದರು. ೧೮೭೭ರಲ್ಲಿ ಸರಕಾರವು ಅವರಿಗೆ ರಾವ್ ಬಹಾದ್ದೂರ್ ಪದವಿಯನ್ನಿತ್ತಿತ್ತು. ೧೯೦೫ನೆಯ ಜುಲೈ ೧೭ರಂದು ಅವರು ದೈವಾಧೀನರಾದರು. ಅವರ ಪುತ್ರರಲ್ಲೊಬ್ಬರಾದ ವಿನಾಯಕರು ೧೯೧೬ರಲ್ಲಿ ತಂದೆಯ ಜೀವನಚರಿತ್ರೆಯನ್ನು ಪ್ರಕಟಿಸಿದರು. ಇನ್ನೊಬ್ಬ ಪುತ್ರರಾದ ಮನುಭಾಯಿಯವರು ಬಡೋದೆಯ ದಿವಾನರಾದರು.

ಮನುಭಾಯಿಯವರ ಮಗಳೇ ಹಂಸಾ ಮೆಹತಾ. ೧೯೨೪ರಲ್ಲಿ ಆಕೆ ತಮ್ಮ ಜಾತಿಯವರಲ್ಲದ ವೈದ್ಯ ಜೀವರಾಜ ಮೆಹತಾ ಅವರನ್ನು ವಿವಾಹವಾದಾಗ ನಾಗರ ಸಮಾಜದಲ್ಲಿ ಅಸಮಾಧಾನವೆದ್ದಿತು. ಮೊಮ್ಮಗಳು ಅಳುಕಲಿಲ್ಲ. ಮುಂದೆ ಆಕೆ ನಮ್ಮ ಸಂವಿಧಾನ ಸಭೆಯ ಸದಸ್ಯೆಯಾದರು. ೧೯೪೮ರ ವಿಶ್ವ ಮಾನವಹಕ್ಕುಗಳ ಘೋಷಣೆಯ ಮೊದಲನೆಯ ವಿಧಿಯು ಪುರುಷರನ್ನಷ್ಟೇ ಹೆಸರಿಸದೆ ಸಮಸ್ತ ಮಾನವರನ್ನೂ ಒಳಗೊಳ್ಳುವಂತೆ ಮಾಡಿದ ಶ್ರೇಯಸ್ಸು ಆಕೆಯದು. ೧೯೬೦ರಲ್ಲಿ ಗುಜರಾತ್ ರಾಜ್ಯ ಉದಯಿಸಿದಾಗ ಜೀವರಾಜರು ಅದರ ಪ್ರಥಮ ಮುಖ್ಯಮಂತ್ರಿಗಳಾದರು. ಕಾದಂಬರಿಯೊಳಗೆ ಕರಣನು ತಡವಾಗಿ ತೆರೆದ ಬಾಗಿಲನ್ನು ಕಾದಂಬರಿಕಾರರ ಮನೆಯವರೇ ಸಕಾಲದಲ್ಲಿ ತೆರೆದರೆಂಬುದನ್ನು ನಾವು ಗಮನಿಸದೆ ಇರಲಾರೆವು.

ಹೊರನಾಡಿನಲ್ಲಿ ನೆಲೆಸಿದ ನಾವು ನಮ್ಮ ಭಾಷೆಯನ್ನೂ ಮನೆತನದ ನಡೆನುಡಿಗಳನ್ನೂ ಕಾಪಾಡಿಕೊಳ್ಳಬೇಕೆಂಬುದರಲ್ಲಿ ಎರಡು ಮಾತಿಲ್ಲ. ಆದರೆ ಅಭಿಮಾನವೇ ಗೋಡೆಯಾಗಿ ನೆರೆಯವರನ್ನು ದೂರವಿಟ್ಟರೆ, ಕರಣನ ಮರುಳು ನಮ್ಮಲ್ಲಿಯೂ ಇದೆಯೆಂದೇ ಅರ್ಥ. ಇಲ್ಲಿಯ ಶಾಲೆಗಳಲ್ಲಿ ಕಲಿಯುವ ನಮ್ಮ ಮಕ್ಕಳಿಗೆ ಗುಜರಾತಿ ಓದು ಸುಲಭ. ಅವರು ಬಿಡುವಿನ ಸಂಜೆಗಳಲ್ಲಿ 'ಕರಣ ಘೇಲೋ'ವನ್ನು ತಾಯಿತಂದೆಗಳಿಗೆ ಓದಿ ಅರ್ಥ ಹೇಳಲಿ; ತಾಯಿತಂದೆಗಳು ಮಕ್ಕಳಿಗೆ 'ಇಂದಿರಾಬಾಯಿ'ಯ ಕಥೆಯನ್ನು ಹೇಳಲಿ. ಹುಟ್ಟಿದ ನಾಡಿನ ಋಣವನ್ನೂ ಇರುವ ನಾಡಿನ ಋಣವನ್ನೂ ಒಂದೇ ಮನೆಯಲ್ಲಿ ಕುಳಿತು ಸಲ್ಲಿಸಲು ಇದಕ್ಕಿಂತ ಸುಲಭವಾದ ದಾರಿ ನಮಗೆ ತೋರದು.