ಏಳನೆಯ ನಿಜಾಮ: ಹೊಗಳಿಕೆ ನಂಬಿ ಕೆಟ್ಟ ದೊರೆ

ಪ್ರತಿ ವರ್ಷ ಸೆಪ್ಟೆಂಬರ್ 17ರಂದು ನಮ್ಮ ಭಾಗದ ಶಾಲೆಗಳಲ್ಲಿ ಧ್ವಜ ಹಾರುತ್ತದೆ. ಭಾಷಣಗಳಲ್ಲಿ ನಿಜಾಮನ ಹೆಸರೂ ಬರುತ್ತದೆ. ಆದರೆ ಅಷ್ಟು ಸಿರಿವಂತನಾಗಿದ್ದ ದೊರೆ ಐದೇ ದಿನಗಳಲ್ಲಿ ಹೇಗೆ ಸೋತ ಎಂಬುದು ಇಂದಿನ ಮಕ್ಕಳಿಗೆ ಅಷ್ಟಾಗಿ ತಿಳಿಯದು. ಬಸವಕಲ್ಯಾಣ, ಹುಮನಾಬಾದ್ ಸೀಮೆಯ ನಾವು ತಿಳಿದಿರಲೇಬೇಕಾದ ಚರಿತ್ರೆ ಇದು.

ಮೀರ್ ಉಸ್ಮಾನ್ ಅಲಿ ಖಾನ್ 1886ರ ಏಪ್ರಿಲ್‌ನಲ್ಲಿ ಹೈದರಾಬಾದಿನಲ್ಲಿ ಹುಟ್ಟಿದ. ತಂದೆ ಮಹಬೂಬ್ ಅಲಿ ಖಾನ್ 1911ರಲ್ಲಿ ತೀರಿಕೊಂಡಾಗ ಏಳನೆಯ ನಿಜಾಮನಾಗಿ ಗದ್ದುಗೆ ಏರಿದ. ಇಂದಿನ ತೆಲಂಗಾಣ, ಮರಾಠವಾಡ ಮತ್ತು ನಮ್ಮ ಬೀದರ್, ಗುಲಬರ್ಗಾ, ರಾಯಚೂರು ಜಿಲ್ಲೆಗಳು ಅವನ ಆಳ್ವಿಕೆಗೆ ಸೇರಿದ್ದವು. 1941ರಲ್ಲಿ ಸಂಸ್ಥಾನದ ಜನಸಂಖ್ಯೆ ಸುಮಾರು 1.6 ಕೋಟಿ.

ಅವನ ಒಳ್ಳೆಯ ಕೆಲಸಗಳನ್ನು ಮರೆಯಬಾರದು. 1908ರ ಮೂಸಿ ಪ್ರವಾಹದ ನಂತರ ಸರ್ ಎಂ. ವಿಶ್ವೇಶ್ವರಯ್ಯನವರು ಕೊಟ್ಟ ಸಲಹೆಯಂತೆ ಉಸ್ಮಾನ್ ಸಾಗರ ಕಟ್ಟಿದ್ದು ಅವನ ಕಾಲದಲ್ಲೇ. 1918ರಲ್ಲಿ ಉಸ್ಮಾನಿಯಾ ವಿಶ್ವವಿದ್ಯಾಲಯ ಆರಂಭವಾಯಿತು. ಆದರೆ ಅಲ್ಲಿಯ ಬೋಧನೆ ಉರ್ದುವಿನಲ್ಲಿ. ಕಚೇರಿಯ ಭಾಷೆಯೂ ಉರ್ದುವೇ. ಕನ್ನಡ, ಮರಾಠಿ, ತೆಲುಗು ಆಡುವ ಹಳ್ಳಿಯ ಮಕ್ಕಳಿಗೆ ತಾಯ್ನುಡಿಯ ಓದು ದುರ್ಲಭವಾಗಿತ್ತು. ಹೀಗೆ ದೊರೆಗೂ ಪ್ರಜೆಗೂ ನಡುವೆ ಮೊದಲೇ ಒಂದು ಗೋಡೆ ಇತ್ತು.

ಅವನು ಜಗತ್ತಿನ ಅತ್ಯಂತ ಶ್ರೀಮಂತನೆಂದು ಹೆಸರಾಗಿದ್ದರೂ ಬದುಕಿದ್ದು ಜಿಪುಣನಂತೆ. ಅಧಿಕಾರದಲ್ಲಿಯೂ ಕೈ ಬಿಗಿ. ಕೊನೆಯ ಮಾತು ತನ್ನ ಫರ್ಮಾನಿನದೇ ಆಗಬೇಕು. ಮೊದಲ ಮಹಾಯುದ್ಧದಲ್ಲಿ ಬ್ರಿಟಿಷರಿಗೆ ಅಪಾರ ಹಣ ಕೊಟ್ಟು ನಂಬಿಗಸ್ತ ಮಿತ್ರನೆಂಬ ಬಿರುದು ಪಡೆದ. ಆದರೆ ಬಿರಾರ್ ಪ್ರಾಂತವನ್ನು ಮರಳಿ ಕೇಳಿ ತಾನೂ ಸಮಾನನೆಂದಾಗ, ವೈಸರಾಯ್ ಲಾರ್ಡ್ ರೀಡಿಂಗ್ 1926ರಲ್ಲಿ ಬ್ರಿಟಿಷ್ ಅಧಿಕಾರವೇ ಮೇಲು ಎಂದು ಖಡಾಖಂಡಿತವಾಗಿ ಬರೆದು ತಿಳಿಸಿದ. ಅಂದೇ ತನ್ನ ನಿಜವಾದ ಬಲವೆಷ್ಟೆಂದು ಉಸ್ಮಾನ್ ಅಲಿ ಅರಿಯಬೇಕಿತ್ತು, ಅರಿಯಲಿಲ್ಲ.

1947ರ ಜೂನ್‌ನಲ್ಲಿ, ಬ್ರಿಟಿಷರು ಹೋದ ಮೇಲೆ ತಾನು ಸ್ವತಂತ್ರನೆಂದು ಫರ್ಮಾನು ಹೊರಡಿಸಿದ. ಸುತ್ತಲೂ ಭಾರತದ ನೆಲ, ಸಮುದ್ರಕ್ಕೆ ದಾರಿಯಿಲ್ಲ, ಪ್ರಜೆಗಳಲ್ಲಿ ಬಹುಪಾಲು ಜನರ ಒಲವು ಭಾರತದ ಕಡೆಗೆ. ಭಾರತದ ಮೇಲಿನ ಭಯದಿಂದ ಅವನು ಖಾಸಿಂ ರಜ್ವಿಯ ರಜಾಕಾರ ಪಡೆಯನ್ನು ಬೆಳೆಯಲು ಬಿಟ್ಟ. ಅಕ್ಟೋಬರ್ 27ರಂದು ದಿಲ್ಲಿಗೆ ಹೊರಟಿದ್ದ ಅವನದೇ ನಿಯೋಗದವರ ಮನೆಗಳನ್ನು ಆ ಪಡೆಯ ಗುಂಪು ಸುತ್ತುವರಿಯಿತು. ನಿಜಾಮ ಸಂಧಾನಕಾರರನ್ನೇ ಬದಲಾಯಿಸಿದ. ತಾನು ಸಾಕಿದ್ದಕ್ಕೆ ತಾನೇ ಅಂಜಿದ! ನವೆಂಬರ್ 29ರಂದು ಒಂದು ವರ್ಷದ ಯಥಾಸ್ಥಿತಿ ಒಪ್ಪಂದವಾಯಿತು. ಆ ಕಾಲಾವಕಾಶವೂ ವ್ಯರ್ಥವಾಯಿತು. 1948ರ ಜೂನ್‌ನಲ್ಲಿ ಮೌಂಟ್‌ಬ್ಯಾಟನ್ ಮುಂದಿಟ್ಟ ಉದಾರ ಕರಡನ್ನೂ ತಳ್ಳಿಹಾಕಿದ.

ಇದರ ಬೆಲೆ ತೆತ್ತವರು ಹಳ್ಳಿಗಳ ಜನ. 1948ರ ಮೇ ತಿಂಗಳಲ್ಲಿ ಬಸವಕಲ್ಯಾಣ ಸಮೀಪದ ಗೋರ್ಟಾ ಗ್ರಾಮದಲ್ಲಿ ರಜಾಕಾರರು ಹತ್ಯಾಕಾಂಡ ನಡೆಸಿದರು. ಎಷ್ಟೋ ಕುಟುಂಬಗಳು ಊರು ಬಿಟ್ಟು ಗಡಿಯಾಚೆ ಹೋದವು. ನಿಜ ಹೇಳಿದವರಿಗೂ ಉಳಿಗಾಲವಿರಲಿಲ್ಲ. ರಜಾಕಾರರನ್ನು ಟೀಕಿಸಿದ ‘ಇಮ್ರೋಜ್’ ಪತ್ರಿಕೆಯ ಯುವ ಸಂಪಾದಕ ಶೋಯಬುಲ್ಲಾ ಖಾನ್ ಅವರನ್ನು ಆಗಸ್ಟ್‌ನಲ್ಲಿ ಹೈದರಾಬಾದಿನ ಬೀದಿಯಲ್ಲೇ ಕೊಂದರು. ಉಳಿದದ್ದು ಹೊಗಳುಭಟರ ಮಾತು ಮಾತ್ರ: ಪಾಕಿಸ್ತಾನ ನೆರವಿಗೆ ಬರುತ್ತದೆ, ಬ್ರಿಟಿಷರು ಕೈಬಿಡರು, ವಿಶ್ವಸಂಸ್ಥೆ ತಡೆಯುತ್ತದೆ, ರಜಾಕಾರರು ಕಾದಾಡಿ ನಿಲ್ಲುತ್ತಾರೆ.

ಸೆಪ್ಟೆಂಬರ್ 11ರಂದು ಜಿನ್ನಾ ತೀರಿಕೊಂಡರು. 13ರಂದು ಮೇಜರ್ ಜನರಲ್ ಜೆ. ಎನ್. ಚೌಧರಿಯವರ ಸೇನೆ ಸೊಲ್ಲಾಪುರದಿಂದ ಹೊರಟಿತು. ಮೊದಲ ದಿನವೇ ನಳದುರ್ಗ ಕೈಸೇರಿತು. 14ರಂದು ಉಮರ್ಗಾದಿಂದ ಮುಂದೆ ವಿಮಾನಗಳು ದಾರಿ ತೆರವುಗೊಳಿಸಿದವು, ಮಧ್ಯಾಹ್ನದ ಹೊತ್ತಿಗೆ ಪಡೆ ನಮ್ಮ ರಾಜೇಶ್ವರದಲ್ಲಿತ್ತು. ಅಲ್ಲಿಂದ ಹುಮನಾಬಾದ್ ಮಾರ್ಗವಾಗಿ ಜಹೀರಾಬಾದ್ ಕಡೆಗೆ ಸಾಗಿತು. 17ರ ನಸುಕಿನಲ್ಲಿ ಬೀದರ್ ಕೂಡ ವಶವಾಯಿತು. ಅಂದು ಸಂಜೆ ನಿಜಾಮ ಯುದ್ಧ ನಿಲ್ಲಿಸಿದ. ಮರುದಿನ ಅವನ ಸೇನಾಪತಿ ಎಲ್ ಇದ್ರೂಸ್ ಶರಣಾದ. ನಂಬಿದ್ದ ನೆರವು ಒಂದೂ ಬರಲಿಲ್ಲ. ಲಕ್ಷಗಟ್ಟಲೆ ಎಂದು ಬೀಗಿದ್ದ ರಜಾಕಾರ ಪಡೆ ತರಬೇತಿಯಿಲ್ಲದೆ ಚದುರಿಹೋಯಿತು.

ಆಮೇಲಿನ ವಾರಗಳಲ್ಲಿ ನಮ್ಮ ಬೀದರ್ ಸೇರಿ ಹಲವು ಜಿಲ್ಲೆಗಳಲ್ಲಿ ರಜಾಕಾರರಿಗೆ ಸಂಬಂಧವೇ ಇಲ್ಲದ ಬಡ ಮುಸ್ಲಿಮರೂ ಸೇಡಿಗೆ ಬಲಿಯಾದರು. ಒಬ್ಬ ದೊರೆಯ ತಪ್ಪೆಣಿಕೆಗೆ ಎರಡೂ ಕಡೆಯ ನಿರಪರಾಧಿಗಳು ದಂಡ ತೆತ್ತರೆಂಬುದನ್ನು ಮರೆಯಬಾರದು.

ನಿಜಾಮನಿಗೆ ಮಾತ್ರ ಹೆಚ್ಚಿನ ಕಷ್ಟವಾಗಲಿಲ್ಲ. 1950ರಿಂದ 1956ರವರೆಗೆ ರಾಜಪ್ರಮುಖನಾಗಿದ್ದ. 1956ರ ನವೆಂಬರ್ 1ರಂದು ಸಂಸ್ಥಾನ ಭಾಷಾವಾರು ಹಂಚಿಹೋಗಿ ನಮ್ಮ ಜಿಲ್ಲೆ ಕನ್ನಡ ನಾಡನ್ನು ಸೇರಿತು. 1967ರ ಫೆಬ್ರವರಿ 24ರಂದು ಅವನು ಹೈದರಾಬಾದಿನಲ್ಲೇ ಕಣ್ಮುಚ್ಚಿದ.

ಅವನಲ್ಲಿ ಹಣವಿತ್ತು, ಸೇನೆಯಿತ್ತು, ಬುದ್ಧಿಯೂ ಇತ್ತು. ತಪ್ಪನ್ನು ತಪ್ಪೆಂದು ಎದುರಿಗೇ ಹೇಳುವವರು ಮಾತ್ರ ಉಳಿದಿರಲಿಲ್ಲ. ಶಾಲೆಯಲ್ಲಿ ಮಗು ಎದ್ದು ನಿಂತು ಪ್ರಶ್ನೆ ಕೇಳಿದಾಗ ಗುರುಗಳು ಗದರಿಸದೆ ಉತ್ತರಿಸಬೇಕು. ಊರ ಹಿರಿಯರೂ ಕಿರಿಯರ ಮಾತಿಗೆ ಕಿವಿಗೊಡಬೇಕು. ಐವತ್ತು ವರ್ಷ ತುಂಬಿದ ಶಾಲೆ ತನ್ನ ಊರಿಗೆ ಕಲಿಸಬಹುದಾದ ದೊಡ್ಡ ಪಾಠ ಇದೇ.