ಥಿಯೊಡೋರ್ ಬೊವೆರಿ

ಕಾರವಾರ, ಅಂಕೋಲೆಗಳ ಕರಾವಳಿಯಲ್ಲಿ ಕಡಲು ಇಳಿದಾಗ ಬಂಡೆಗಳ ಸಂದುಗಳಲ್ಲಿ ಬಗೆಬಗೆಯ ಜೀವಿಗಳು ಕಾಣಸಿಗುತ್ತವೆ. ಕಾರವಾರದ ಕೋಡಿಬಾಗದಲ್ಲಿ ಇಂತಹ ಜೀವಿಗಳ ಅಧ್ಯಯನಕ್ಕೆಂದೇ ಕರ್ನಾಟಕ ವಿಶ್ವವಿದ್ಯಾಲಯದ ಕಡಲ ಜೀವಶಾಸ್ತ್ರ ವಿಭಾಗವಿದೆ. ಕಡಲಬಂಡೆಗಳಿಗೆ ಅಂಟಿ ಬಾಳುವ, ಮೈಯೆಲ್ಲ ಮುಳ್ಳಾದ ಸೀ ಅರ್ಚಿನ್ ಎಂಬ ಸಣ್ಣ ಪ್ರಾಣಿಯು ಅರ್ಬುದರೋಗದ ಮೂಲವನ್ನು ಅರಿಯಲು ದಾರಿ ತೋರಿತು. ಆ ದಾರಿಯನ್ನು ಕಂಡವನು ಜರ್ಮನಿಯ ಥಿಯೊಡೋರ್ ಬೊವೆರಿ.

ಬೊವೆರಿ 1862ರ ಅಕ್ಟೋಬರ್ 12ರಂದು ಬ್ಯಾಂಬರ್ಗ್ ನಗರದಲ್ಲಿ ಜನಿಸಿದನು. ಮ್ಯೂನಿಕ್ ವಿಶ್ವವಿದ್ಯಾಲಯದಲ್ಲಿ ಮೊದಲು ಇತಿಹಾಸ, ತತ್ತ್ವಶಾಸ್ತ್ರಗಳಿಗೆ ಒಲಿದಿದ್ದ ಆತನು ಬಳಿಕ ಜೀವವಿಜ್ಞಾನಕ್ಕೆ ತಿರುಗಿದನು. 1893ರಲ್ಲಿ ವೂರ್ಟ್ಸ್‌ಬರ್ಗ್ ವಿಶ್ವವಿದ್ಯಾಲಯದಲ್ಲಿ ಪ್ರಾಣಿಶಾಸ್ತ್ರದ ಪ್ರಾಧ್ಯಾಪಕನಾದನು. ಅಮೆರಿಕದ ಜೀವವಿಜ್ಞಾನಿ ಮಾರ್ಸೆಲಾ ಓಗ್ರೇಡಿ 1897ರಲ್ಲಿ ಆತನ ಕೈಹಿಡಿದು, ಸಂಶೋಧನೆಯಲ್ಲಿಯೂ ಸಹಚರಿಯಾದಳು.

ಇಟಲಿಯ ನೇಪಲ್ಸ್ ಕಡಲತೀರದ ಸಂಶೋಧನಾಲಯದಲ್ಲಿ ಬೊವೆರಿ ಸೀ ಅರ್ಚಿನ್ನಿನ ಅಂಡಗಳನ್ನು ಸೂಕ್ಷ್ಮದರ್ಶಕದಿಂದ ಪರೀಕ್ಷಿಸಿದನು. ಒಂದು ಅಂಡಕ್ಕೆ ಎರಡು ವೀರ್ಯಾಣುಗಳು ಸೇರಿದರೆ ಅದು ಎರಡಾಗಿ ಒಡೆಯುವ ಬದಲು ಸಾಮಾನ್ಯವಾಗಿ ಒಮ್ಮೆಗೇ ನಾಲ್ಕಾಗಿ ಒಡೆಯುತ್ತಿತ್ತು. ಆಗ ವರ್ಣತಂತುಗಳು ನಾಲ್ಕು ಕೋಶಗಳಿಗೂ ಸಮನಾಗಿ ಹಂಚಿಕೆಯಾಗುತ್ತಿರಲಿಲ್ಲ. ಅಂತಹ ಭ್ರೂಣಗಳು ಬಹುಮಟ್ಟಿಗೆ ವಿಕಾರಗೊಂಡು ಸಾಯುತ್ತಿದ್ದವು. ಇದರಿಂದ, ಒಂದೊಂದು ವರ್ಣತಂತುವಿಗೂ ಬೇರೆ ಬೇರೆ ಗುಣವಿದೆಯೆಂದು 1902ರಲ್ಲಿ ಆತನು ಪ್ರತಿಪಾದಿಸಿದನು.

ದೇಹದ ಕೋಶವೊಂದರಲ್ಲಿ ಇಂತಹ ಹಂಚಿಕೆ ಕೆಟ್ಟರೆ ಏನಾದೀತು? ಹೆಚ್ಚಿನ ಕೋಶಗಳು ನಾಶವಾದಾವು. ಆದರೆ ಎಲ್ಲಿಯೋ ಒಂದು ಕೋಶ ತನ್ನ ಬೆಳವಣಿಗೆಯ ಕಡಿವಾಣವನ್ನೇ ಕಳೆದುಕೊಂಡು, ಮಿತಿಯಿಲ್ಲದೆ ವೃದ್ಧಿಯಾಗಿ ಗಂತಿಯಾಗಬಹುದು. ಈ ವಿಚಾರವನ್ನು ಬೊವೆರಿ 1914ರಲ್ಲಿ ಗ್ರಂಥರೂಪದಲ್ಲಿ ಪ್ರಕಟಿಸಿದನು. ಆತನು ವೈದ್ಯನಲ್ಲ, ಗಂತಿಗಳ ಸಂಶೋಧನೆಯಲ್ಲಿ ಹೆಚ್ಚಿನ ಅನುಭವವುಳ್ಳವನೂ ಅಲ್ಲ. ಆದುದರಿಂದ ಆ ಕಾಲದ ವೈದ್ಯಲೋಕ ಅದಕ್ಕೆ ಹೆಚ್ಚಿನ ಮನ್ನಣೆ ನೀಡಲಿಲ್ಲ. ಅನಾರೋಗ್ಯದಿಂದ ಬಳಲಿದ್ದ ಬೊವೆರಿ 1915ರ ಅಕ್ಟೋಬರ್ 15ರಂದು, ತನ್ನ 53ನೆಯ ವಯಸ್ಸಿನಲ್ಲಿ ತೀರಿಕೊಂಡನು. ಮಾರ್ಸೆಲಾ ಎದೆಗುಂದದೆ ಆ ಗ್ರಂಥವನ್ನು ಇಂಗ್ಲಿಷಿಗೆ ಅನುವಾದಿಸಿ 1929ರಲ್ಲಿ ಪ್ರಕಟಿಸಿದಳು.

1960ರಲ್ಲಿ ಒಂದು ಬಗೆಯ ರಕ್ತದ ಅರ್ಬುದದಲ್ಲಿ ನಿರ್ದಿಷ್ಟ ವರ್ಣತಂತುವೊಂದು ಮಾರ್ಪಟ್ಟಿರುವುದು ಪತ್ತೆಯಾಯಿತು. ವರ್ಣತಂತುಗಳಲ್ಲಿರುವ ಕೆಲವು ಜೀನುಗಳು ಕೋಶಗಳನ್ನು ವೃದ್ಧಿಗೆ ಪ್ರೇರಿಸುತ್ತವೆ, ಕೆಲವು ಅದನ್ನು ತಡೆಯುತ್ತವೆ ಎಂಬುದು ಮುಂದೆ ಸಿದ್ಧವಾಯಿತು. ಜೀನುಗಳ ಕಾರ್ಯ ಕೆಟ್ಟಾಗ ಕೋಶಗಳು ಎಲ್ಲೆ ಮೀರಿ ನೆರೆಯ ಅಂಗಾಂಶಗಳಿಗೆ ನುಗ್ಗುತ್ತವೆ. ಹೊಸ ರಕ್ತನಾಳಗಳನ್ನು ತಮ್ಮೆಡೆಗೆ ಸೆಳೆದು ಗಂತಿಗೆ ಆಹಾರ ಒದಗಿಸಿಕೊಳ್ಳುತ್ತವೆ. ಆ ನಾಳಗಳ ಬೆಳವಣಿಗೆಯನ್ನು ತಡೆಯುವ ಔಷಧಗಳು ಇಂದು ಬಳಕೆಯಲ್ಲಿವೆ.

ಬೊವೆರಿ ಇದಾವುದನ್ನೂ ಕಾಣಲಿಲ್ಲ. ಆದರೂ ಕಡಲಿನ ಸಣ್ಣ ಪ್ರಾಣಿಯೊಂದರ ಅಂಡವನ್ನು ತಾಳ್ಮೆಯಿಂದ ಪರೀಕ್ಷಿಸಿ, ಮನುಷ್ಯನ ಘೋರ ವ್ಯಾಧಿಯೊಂದರ ಮೂಲವನ್ನು ಮುಂಗಂಡ ಆತನ ಹೆಸರು ವಿಜ್ಞಾನದ ಇತಿಹಾಸದಲ್ಲಿ ಸ್ಥಿರವಾಗಿ ನಿಂತಿದೆ.